ಆಷಾಢದಲ್ಲಿ ಕ್ಯಾಮೆರಾ ಲೆಕ್ಕ

ಹಿರೀಸಾವೆಯಲ್ಲಿ ಹೆದ್ದಾರಿಗೆ ಹತ್ತಿರದ ಒಂದು ಫೋಟೋ ಸ್ಟುಡಿಯೋ. 2025ರ ಆಷಾಢ. ಮದುವೆಗಳಿಲ್ಲದ ತಿಂಗಳಾದ್ದರಿಂದ ಮಾತಿಗೆ ಪುರುಸೊತ್ತು. ಮಾವ ಫಿಲ್ಮ್ ಕಾಲದಿಂದ ಸ್ಟುಡಿಯೋ ನಡೆಸಿಕೊಂಡು ಬಂದವರು. ಅಳಿಯ ಅವರ ಅಕ್ಕನ ಮಗ, ಮದುವೆಮನೆಯ ಕೆಲಸವನ್ನೆಲ್ಲ ಈಗ ಹೊತ್ತಿರುವವನು.

ಅಳಿಯ: ಮಾವ, ಬಾಡಿ ಬದಲಾಯಿಸಬೇಕು ಅಂತಿದೀನಿ.

ಮಾವ: ಕ್ಯಾಮೆರಾದ್ದೋ, ನಿಂದೋ? ವೈಶಾಖದ ಮದುವೆಗಳಲ್ಲಿ ಎರಡೂ ಸವೆದವೆ.

ಅಳಿಯ: ನಗಬೇಡಿ. ಡಿ750 ತಗೊಂಡು ಒಂಬತ್ತು ವರ್ಷ ಆಯ್ತು. ಶಟರ್ ಕೌಂಟ್ ಎರಡೂವರೆ ಲಕ್ಷ ದಾಟಿದೆ. ಕಂಪನಿಯವರು ಪರೀಕ್ಷೆ ಮಾಡಿ ಹೇಳಿರೋದೇ ಒಂದೂವರೆ ಲಕ್ಷಕ್ಕೆ.

ಮಾವ: ಅಷ್ಟು ಸಲವಂತೂ ಬಡಿದೀತು ಅಂತ ಅವರು ಹೇಳಿರೋದು. ಅಲ್ಲಿಗೆ ನಿಂತೇಹೋಗ್ತದೆ ಅಂತ ಅಲ್ಲ. ಶಟರ್ ಹೋದ್ರೆ ಶಟರ್ ಹಾಕ್ಸು. ಮೊದ್ಲು ಯಾವುದರ ಮೇಲೆ ಕಣ್ಣು ಬಿದ್ದೈತೆ ಹೇಳು.

ಅಳಿಯ: ನಿಕಾನ್ ಝಡ್6-3. ಹೋದ ವರ್ಷ ಜೂನ್‌ನಲ್ಲಿ ಬಂತಲ್ಲ, ಅದು. ನಮ್ಮ ಹಳೇ ಲೆನ್ಸ್ ಹಾಕೋಕೆ ಎಫ್‌ಟಿಝಡ್ ಅಡಾಪ್ಟರ್, ಹೊಸ ನಮೂನೆ ಕಾರ್ಡು, ಇನ್ನೆರಡು ಬ್ಯಾಟರಿ, ಎಲ್ಲ ಸೇರಿ ಎರಡೂವರೆ ಲಕ್ಷದ ಆಸುಪಾಸು.

ಮಾವ: ಹತ್ತು ಕ್ವಿಂಟಾಲ್ ಕೊಬ್ಬರಿ.

ಅಳಿಯ: ಈಗಿನ ರೇಟಲ್ಲಿ ಹತ್ತೂ ಬೇಡ. ತಿಪಟೂರಲ್ಲಿ ಉಂಡೆ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿದೆ.

ಮಾವ: ಅದು ಈ ವರ್ಷದ ಮಾತು. 2023ರಲ್ಲಿ ಸರ್ಕಾರ 11,750 ಅಂತ ಬೆಂಬಲ ಬೆಲೆ ಬರೆದಿಟ್ಟಿದ್ರೂ ಮಾರ್ಕೆಟ್ಟಲ್ಲಿ ಅಷ್ಟು ಹುಟ್ಟದೆ ರೈತರು ನಾಫೆಡ್ ಖರೀದಿಗೆ ಕಾದು ಕೂತಿದ್ರು. ಬೆಂಬಲ ಬೆಲೆ ಹಿಡಿದೇ ಲೆಕ್ಕ ಹಾಕಿದ್ರೂ ಇಪ್ಪತ್ತೊಂದು ಕ್ವಿಂಟಾಲ್ ಆಗ್ತದೆ. ನೀನು ತರೋ ಕ್ಯಾಮೆರಾದ ಬೆಲೆ ಜಪಾನಿನಲ್ಲಿ ತೀರ್ಮಾನ ಆಗ್ತದೆ, ನಿನಗೆ ಸಿಗೋ ಆರ್ಡರ್ರು ತಿಪಟೂರಲ್ಲಿ ತೀರ್ಮಾನ ಆಗ್ತದೆ. ಕೊಬ್ಬರಿ ಏರಿದ ವರ್ಷ ಎಲ್‌ಇಡಿ ವಾಲ್ ಬೇಕು, ಡ್ರೋನ್ ಬೇಕು, ಸಕಲೇಶಪುರಕ್ಕೆ ಹೋಗಿ ಪ್ರೀ-ವೆಡ್ಡಿಂಗ್ ಬೇಕು. ಇಳಿದ ವರ್ಷ ‘ಅಣ್ಣ, ಒಂದು ಆಲ್ಬಂ ಮಾಡ್ಕೊಡಿ ಸಾಕು, ವಿಡಿಯೋ ಬೇಡ.’

ಅಳಿಯ: ಅದಕ್ಕೇ ಒಟ್ಟಿಗೆ ಕೊಡಲ್ಲ ಮಾವ. ಇಎಂಐ. ತಿಂಗಳಿಗೆ ಹನ್ನೊಂದು ಸಾವಿರ ಚಿಲ್ಲರೆ, ಎರಡು ವರ್ಷ.

ಮಾವ: ಇಎಂಐಗೆ ಆಷಾಢ ಗೊತ್ತೇನೋ? ಪಿತೃಪಕ್ಷ, ಧನುರ್ಮಾಸ? ಗುರುನೋ ಶುಕ್ರನೋ ಅಸ್ತ ಆದ್ರೆ ಪುರೋಹಿತರು ಮುಹೂರ್ತವೇ ಇಲ್ಲ ಅಂತ ಪಂಚಾಂಗ ಮಡಚಿ ಇಡ್ತಾರೆ. ಬ್ಯಾಂಕಿನವರು ಐದನೇ ತಾರೀಕು ಬಂದ್ರೆ ಮೆಸೇಜು ಹಾಕ್ತಾರೆ. ಸೀಸನ್ ದುಡಿಮೆಯವನು ತಿಂಗಳ ಸಂಬಳದವನ ಹಾಗೆ ಸಾಲ ಮಾಡಬಾರದು. ದುಡ್ಡಿನ ಮಾತು ಆಮೇಲೆ ಆಡೋಣ. ಕ್ಯಾಮೆರಾ ಹೇಗೆ ಹೆಚ್ಚು, ಅದು ಹೇಳು. ಎಷ್ಟು ಮೆಗಾಪಿಕ್ಸೆಲ್?

ಅಳಿಯ: ಇಪ್ಪತ್ತನಾಲ್ಕೂವರೆ.

ಮಾವ: ಈಗಿರೋದು?

ಅಳಿಯ: ಇಪ್ಪತ್ತನಾಲ್ಕು ಪಾಯಿಂಟ್ ಮೂರು.

ಮಾವ: ಹ್ಞೂಂ.

ಅಳಿಯ: ನೀವು ಹ್ಞೂಂ ಅಂದ್ರೆ ಭಯ ಆಗುತ್ತೆ.

ಮಾವ: ಭಯ ಯಾಕೆ? ಲೆಕ್ಕ ಹಾಕು. ನಮ್ಮ ಕರಿಜ್ಮಾ ಆಲ್ಬಂನ ಹಾಳೆ ಹನ್ನೆರಡಕ್ಕೆ ಮೂವತ್ತಾರು ಇಂಚು. ಮಧ್ಯೆ ಮಡಿಕೆ ಬಿದ್ರೆ ಒಂದು ಮಗ್ಗುಲು ಹನ್ನೆರಡಕ್ಕೆ ಹದಿನೆಂಟು. ಇಂಚಿಗೆ 300 ಚುಕ್ಕಿ ಅಂದ್ರೂ 3600ಕ್ಕೆ 5400 ಸಾಕು. ನಿನ್ನ ಡಿ750 ಕೊಡೋದು 4016ಕ್ಕೆ 6016. ಒಂದು ಮಗ್ಗುಲು ಪೂರ್ತಿ ತುಂಬಿಸಿ ಮೇಲೊಂದಿಷ್ಟು ಕತ್ತರಿಸೋಕೂ ಉಳೀತದೆ. ಗಂಡು ಹೆಣ್ಣನ್ನ ಇಡೀ ಮೂವತ್ತಾರು ಇಂಚಿಗೆ ಹರಡಿದ್ರೂ ಇಂಚಿಗೆ 167 ಚುಕ್ಕಿ ಬೀಳ್ತದೆ. ಆಲ್ಬಂನ ಮೂಗಿಗೆ ಹಿಡಿದು ಯಾರೂ ನೋಡಲ್ಲ.

ಅಳಿಯ: ಮೆಗಾಪಿಕ್ಸೆಲ್‌ಗೆ ಅಂತ ನಾನೂ ಹೇಳ್ತಿಲ್ಲ.

ಮಾವ: ಹೇಳಬಾರದು. ಯಾಕಂದ್ರೆ ಆ ಆಸೆ ಒಂದು ಕಾಲಕ್ಕೆ ನ್ಯಾಯವಾಗಿತ್ತು. 2006ರ ಮಸ್ತಕಾಭಿಷೇಕಕ್ಕೆ ನಾನು ಡಿ70 ಹಿಡಿದು ಬೆಳಗೊಳದ ಬೆಟ್ಟ ಹತ್ತಿದ್ದೆ. ಆರು ಮೆಗಾಪಿಕ್ಸೆಲ್. ಪಟ ನಿಲ್ಲಿಸಿ ಹೊಡೆದ್ರೆ 3008 ಎತ್ತರ. ಗೊಮ್ಮಟನಿಗೆ 58 ಅಡಿ. ಒಂದಡಿಗೆ ಐವತ್ತು ಚುಕ್ಕಿ ಲೆಕ್ಕ ಬಿತ್ತು. ಮೇಲೆ ಕಳಶ ಹಿಡಿದವರ ಮುಖ ದೊಡ್ಡದು ಮಾಡಿದ್ರೆ ಗಸಗಸೆ ಚೆಲ್ಲಿದ ಹಾಗಿತ್ತು. 2018ಕ್ಕೆ ನೀನು ಇದೇ ಡಿ750 ತಗೊಂಡು ಬಂದೆ. ಅವತ್ತು ಹಾಲು ಬೀಳೋವಾಗ ಭುಜದ ಮೇಲಿನ ಹನಿ ಹನಿ ಬೇರೆ ಕಾಣ್ತಿತ್ತು. ಆರರಿಂದ ಇಪ್ಪತ್ನಾಕಕ್ಕೆ ಹೋದಾಗ ಆಲ್ಬಂ ಬದಲಾಯ್ತು, ಗಿರಾಕಿಗೂ ಕಾಣ್ತು. ಈಗ ಇಪ್ಪತ್ನಾಕರಿಂದ ಇಪ್ಪತ್ನಾಕಕ್ಕೇ ಹೋಗ್ತಿದೀಯ.

ಅಳಿಯ: 1993ರಲ್ಲೂ ಹೋಗಿದ್ರಲ್ಲ ನೀವು?

ಮಾವ: ಹೋಗಿದ್ದೆ, ಎಫ್‌ಎಂ2 ತಗೊಂಡು. 1982ರಲ್ಲಿ ಬಂದ ಕ್ಯಾಮೆರಾ ಅದು. ಬ್ಯಾಟರಿ ಬೆಳಕು ಅಳೆಯೋಕೆ ಮಾತ್ರ, ಮಿಕ್ಕಿದ್ದೆಲ್ಲ ಸ್ಪ್ರಿಂಗು, ಗಾಲಿ. ಅದರ ಅತಿ ವೇಗದ ಶಟರ್ ಸೆಕೆಂಡಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ನಿನ್ನ ಡಿ750ದೂ ಅಷ್ಟೇ, ನೋಡ್ಕೋ. ಅಲ್ಲಿಂದ ಇಲ್ಲಿವರೆಗೆ ಎಂಟಾಣೆ ಹೆಚ್ಚಿಲ್ಲ.

ಅಳಿಯ: ಹಾಗಾದ್ರೆ ಎಫ್‌ಎಂ2ನೇ ಇಟ್ಕೊಂಡಿರಬಹುದಿತ್ತಲ್ಲ?

ಮಾವ: ಅಲ್ಲೇ ಇರೋದು ವಿಷಯ. ಆಗ ಪಟದ ಗುಣ ಕ್ಯಾಮೆರಾದ ಒಳಗೆ ಇರ್ಲಿಲ್ಲ, ರೋಲಿನಲ್ಲಿತ್ತು. ನೂರರ ಫಿಲ್ಮ್ ತೆಗೆದು ನಾನೂರರದ್ದು ಹಾಕಿದ್ರೆ ಕತ್ತಲಲ್ಲಿ ಎರಡು ಮೆಟ್ಟಿಲು ಮುಂದೆ ಹೋದೆ ಅಂತ. ಫಿಲ್ಮ್ ಕಂಪನಿಯವರು ಹೊಸ ಫಿಲ್ಮ್ ಬಿಟ್ಟ ದಿನ ನನ್ನ ಹಳೇ ಕ್ಯಾಮೆರಾನೂ ಹೊಸದಾಗ್ತಿತ್ತು. ಅದಕ್ಕೇ ನಮ್ಮ ಕಾಲದವರು ಒಂದೇ ಬಾಡಿಯಲ್ಲಿ ಇಪ್ಪತ್ತು ವರ್ಷ ಬಾಳಿದ್ರು. ನಾವೇನೂ ಸಂತರಲ್ಲ. ಈಗ ಸೆನ್ಸರ್ರು ಬಾಡಿಗೇ ಅಂಟಿಕೊಂಡೈತೆ. ಸೆನ್ಸರ್ ಹಳೇದಾದ್ರೆ ಶಟರ್ರು, ಗುಂಡಿ, ಗಾಜು ಎಲ್ಲ ಒಟ್ಟಿಗೆ ಬಿಸಾಕಬೇಕು. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅನ್ನೋನು ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ನೂರಕ್ಕೆ ನೂರು ಚುಕ್ಕಿ, ಒಂದು ಪಟ ಟೇಪಿಗೆ ಇಳಿಯೋಕೆ 23 ಸೆಕೆಂಡು. ಫಿಲ್ಮ್ ಮಾರೋ ಕಂಪನಿಯ ಮನೆಯೊಳಗೇ ಹುಟ್ಟಿ, ಕೊನೆಗೆ ಆ ಕಂಪನಿಯನ್ನೇ 2012ರಲ್ಲಿ ದಿವಾಳಿ ಅರ್ಜಿ ಹಾಕೋ ಹಾಗೆ ಮಾಡ್ತು. ಹಾಗಾಗಿ ಹೊಸ ಬಾಡಿ ಬೇಕು ಅನ್ನೋದನ್ನ ನಾನು ಚಪಲ ಅನ್ನಲ್ಲ. ಈಗಿನ ಯಂತ್ರದ ಗುಣವೇ ಹಾಗೆ. ಯಾವ ವರ್ಷ, ಯಾತಕ್ಕೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಅಳಿಯ: ನಾನು ಇನ್ನೊಂದು ಮಾತು ಕೇಳಬೇಕಾಗುತ್ತೆ ಅಂದ್ಕೊಂಡಿದ್ದೆ. ಟಿ.ಎಸ್. ಸತ್ಯನ್ ಹಳೇ ಕ್ಯಾಮೆರಾದಲ್ಲೇ ತೆಗೆದ್ರು, ತೇಜಸ್ವಿ ಮೂಡಿಗೆರೆ ತೋಟದಲ್ಲಿ ಫಿಲ್ಮ್ ಹಾಕಿ ಹಕ್ಕಿ ಹಿಡಿದ್ರು, ನಿಂಗೇನೋ ರೋಗ ಅಂತ.

ಮಾವ: ಹೇಳ್ಬೋದು.

ಅಳಿಯ: ಹೇಳಿ. ಉತ್ತರ ಇಟ್ಕೊಂಡಿದೀನಿ. ತೇಜಸ್ವಿಯವರ ಹಕ್ಕಿ ಇವತ್ತು ಹಾರಿಹೋದ್ರೆ ನಾಳೆ ಬೆಳಿಗ್ಗೆ ಅದೇ ಕೊಂಬೆಗೆ ಬರಬಹುದು. ನನ್ನ ಮದುವೆ ಹೆಣ್ಣು ಬರಲ್ಲ. ಗಟ್ಟಿಮೇಳ ಶುರುವಾದ ಮೇಲೆ ತಾಳಿ ಕುತ್ತಿಗೆಗೆ ಬೀಳೋಕೆ ಎಷ್ಟು ಹೊತ್ತು? ಹತ್ತೆಣಿಸೋದ್ರೊಳಗೆ ಮುಗೀತು. ಅದರಲ್ಲೂ ಮುಂದಿರೋರೆಲ್ಲ ಕೈ ಎತ್ತಿ ಅಕ್ಷತೆ ಎರಚ್ತಾರೆ, ಹಿಂದಿರೋರು ಫೋನ್ ಎತ್ತುತಾರೆ. ‘ಇನ್ನೊಂದ್ ಸಲ ಕಟ್ಟಿ ಸಾರ್, ಫೋಕಸ್ ಆಗ್ಲಿಲ್ಲ’ ಅನ್ನೋಕಾಗುತ್ತಾ?

ಮಾವ: ನಮ್ಮ ಕಾಲದಲ್ಲಿ ಒಬ್ಬ ಹಾಗಂದು ಹೆಣ್ಣಿನ ಚಿಕ್ಕಪ್ಪನ ಕೈಲಿ ಬೈಸ್ಕೊಂಡಿದ್ದ. ಆಮೇಲೆ ಚಪ್ಪರದಲ್ಲಿ ಊಟಕ್ಕೂ ಕೂರ್ಲಿಲ್ಲ ಪಾಪ. ಸರಿ, ಹೇಳು. ಡಿ750 ಅಲ್ಲಿ ಏನು ಮಾಡ್ತದೆ?

ಅಳಿಯ: 51 ಫೋಕಸ್ ಬಿಂದು ಇವೆ, ಆದರೆ ಎಲ್ಲ ಚೌಕಟ್ಟಿನ ನಡುವೆ ಗುಂಪು ಕಟ್ಕೊಂಡಿವೆ. ಹೆಣ್ಣಿನ ಮುಖ ಮೇಲಿನ ಮೂಲೆಯಲ್ಲಿ ಬರುತ್ತೆ. ನಡುವೆ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಬೇಕು. 85ರ ಲೆನ್ಸನ್ನ ಎಫ್1.8ಕ್ಕೆ ತೆರೆದು ಎರಡು ಮೀಟರ್ ದೂರದಲ್ಲಿ ನಿಂತ್ರೆ ಚೂಪಾಗಿ ಕಾಣೋ ಪಟ್ಟಿ ಸುಮಾರು ಆರು ಸೆಂಟಿಮೀಟರ್. ತಿರುಗಿಸೋ ಅಷ್ಟರಲ್ಲಿ ನಾನು ಒಂದು ಬೆರಳು ಮುಂದಕ್ಕೆ ವಾಲಿದ್ರೂ ಮೂಗುತಿ ಚೂಪು, ಕಣ್ಣು ಮಸುಕು. ಹೊಸದರಲ್ಲಿ ಕಣ್ಣನ್ನ ಅದೇ ಹುಡುಕುತ್ತೆ, ಅಂಚಿನ ಹತ್ತಿರದವರೆಗೂ ಬಿಡದೆ ಹಿಂಬಾಲಿಸುತ್ತೆ. ಅಕ್ಷತೆ ಅಡ್ಡ ಬಂದ್ರೂ ಕಣ್ಣಿಗೇ ಮರಳುತ್ತೆ.

ಮಾವ: ಎತ್ತಿನ ಕಣ್ಣೂ ಹುಡುಕ್ತದೋ?

ಅಳಿಯ: ನಾಯಿ, ಬೆಕ್ಕು, ಹಕ್ಕಿ ಅಂತ ಬರೆದಿದ್ದಾರೆ.

ಮಾವ: ಬೂಕನಬೆಟ್ಟದ ಜಾತ್ರೆಗೆ ಬರೋರು ಬೆಕ್ಕು ಹಿಡ್ಕೊಂಡು ಬರಲ್ಲ ಕಣಯ್ಯ. ಹಳ್ಳಿಕಾರ್ ಜೋಡಿ ನಿಲ್ಲಿಸಿ ‘ಕೊಂಬು ತುದಿವರೆಗೂ ಬರಬೇಕು’ ಅಂತಾರೆ.

ಅಳಿಯ: ಎತ್ತು ನಿಂತ ಕಡೆ ನಿಲ್ಲುತ್ತೆ ಮಾವ. ಅದಕ್ಕೆ ಡಿ750 ಸಾಕು.

(ಇಲ್ಲಿ ಬರೆಯುವವನದೊಂದು ಮಾತು. ಕ್ಯಾಮೆರಾಗಳ ವಿಮರ್ಶೆ ನೋಡಿ ಮನಸ್ಸು ಕೆಡಿಸಿಕೊಳ್ಳುವವರು ಒಂದನ್ನು ಗಮನಿಸಬೇಕು. ವಿಮರ್ಶೆ ಮಾಡುವವನ ಕೈಗೆ ತಿಂಗಳಿಗೊಂದು ಬಾಡಿ ಬರುತ್ತದೆ. ಆತ ಹೊಸದನ್ನು ಹೋದ ತಿಂಗಳಿನದಕ್ಕೆ ಹೋಲಿಸುತ್ತಾನೆ, ಹಾಗಾಗಿ ಕೂದಲೆಳೆಯ ವ್ಯತ್ಯಾಸಕ್ಕೂ ಅರ್ಧ ಗಂಟೆ ಮಾತಾಡುತ್ತಾನೆ. ಹಿರೀಸಾವೆಯ ಹುಡುಗ ಹೋಲಿಸಬೇಕಾದದ್ದು ಒಂಬತ್ತು ವರ್ಷದ ಹಳೆಯದಕ್ಕೆ, ಅದೂ ತನ್ನ ಚೌಲ್ಟ್ರಿಯ ಟ್ಯೂಬ್‌ಲೈಟ್ ಕೆಳಗೆ. ಮಾವ ಮುಂದೆ ಹೇಳುವ ಪರೀಕ್ಷೆ ನನಗೆ ಹಿಡಿಸಿದ್ದು ಈ ಕಾರಣಕ್ಕೆ.)

ಮಾವ: ಹೋದ ಸೀಸನ್ನಿನ ಹಾರ್ಡ್‌ಡಿಸ್ಕ್ ಹಾಕು.

ಅಳಿಯ: ಆಲ್ಬಂಗೆ ಆರಿಸಿದ್ದಾ?

ಮಾವ: ಆರಿಸಿದ್ದನ್ನ ನೋಡಿ ಏನು ಮಾಡ್ಲಿ? ಚೆನ್ನಾಗಿ ಬಂದಿರೋದಕ್ಕೆ ತಾನೇ ಆರಿಸಿರೋದು. ಬಿಸಾಕಿದ್ದು ತೆಗಿ. ಪಟ ಕೆಟ್ಟಿದ್ದು ಯಾಕೆ ಅಂತ ಒಂದೊಂದಕ್ಕೂ ಹೇಳ್ತಾ ಹೋಗು. ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗ್ತದೆ.

ಅಳಿಯ: ಇದು ಚನ್ನರಾಯಪಟ್ಟಣದ ಮದುವೆ. ಇದು... ವಿಡಿಯೋದವನು ಅಡ್ಡ ಬಂದಿದ್ದಾನೆ.

ಮಾವ: ಮುಂದೆ.

ಅಳಿಯ: ಫ್ಲ್ಯಾಶ್ ಚಾರ್ಜ್ ಆಗಿರ್ಲಿಲ್ಲ. ಇದೂ ಅಷ್ಟೇ. ಇದರಲ್ಲಿ ನಾನು ಎಡಗಡೆ ನಿಲ್ಲಬೇಕಿತ್ತು, ಹೆಣ್ಣಿನ ಮಾವನೋರ ಪೇಟದ ಹಿಂದೆ ಸಿಕ್ಕಿಕೊಂಡೆ. ಇದು ಕಣ್ಣು ಮುಚ್ಚಿದ್ದು. ಇದು ಫೋಕಸ್. ಇದು ಕಣ್ಣು ಮುಚ್ಚಿದ್ದು. ಇದು ಎಲ್‌ಇಡಿ ವಾಲ್ ನೇರಳೆ ಬಣ್ಣ ಮುಖಕ್ಕೆ ಬಡಿದಿದ್ದು. ಇದು ಫೋಕಸ್. ಇದೂ ಫೋಕಸ್, ತಾಳಿದೇ.

ಮಾವ: ನಿಲ್ಲಿಸು. ಎಣಿಸೋ ಅಗತ್ಯ ಇಲ್ಲ, ಕಣ್ಣಿಗೆ ಕಾಣ್ತಾ ಐತೆ. ಅರ್ಧಕ್ಕರ್ಧ ಪಟ ಕೆಟ್ಟಿದ್ದು ನೀನು ನಿಂತ ಜಾಗದಿಂದ, ಬೆಳಕಿನಿಂದ. ಎರಡೂವರೆ ಲಕ್ಷದ ಕ್ಯಾಮೆರಾ ಬಂದ್ರೂ ಪೇಟದ ಹಿಂದಿನ ಮುಖ ಕಾಣಲ್ಲ. ಫ್ಲ್ಯಾಶಿಗೆ ಒಳ್ಳೇ ಸೆಲ್ ಹಾಕು, ಇನ್ನೊಂದು ಫ್ಲ್ಯಾಶ್ ತಗೊಂಡು ಸ್ಟ್ಯಾಂಡ್ ಮೇಲೆ ಮೂಲೆಗೆ ನಿಲ್ಲಿಸು. ಮುಹೂರ್ತಕ್ಕೆ ಮುಂಚೆ ಹೋಗಿ ಪುರೋಹಿತರನ್ನ ಕೇಳು, ಹೆಣ್ಣು ಯಾವ ಕಡೆ ತಿರುಗಿ ಕೂರ್ತಾಳೆ ಅಂತ. ಅವರು ಹೇಳ್ತಾರೆ.

ಅಳಿಯ: ಅದು ಒಪ್ಪಿದೆ. ಆದರೆ ಫೋಕಸ್ ತಪ್ಪಿದ್ದೂ ಇವೆ, ನೀವೇ ನೋಡಿದ್ರಿ.

ಮಾವ: ನೋಡಿದೆ. ಅವು ಕಮ್ಮಿ, ಆದ್ರೆ ಎಲ್ಲಿ ತಪ್ಪಿದಾವೆ ಅಂತಲೂ ನೋಡಿದೆ. ಊಟದ ಪಂಕ್ತಿಯಲ್ಲಿ ತಪ್ಪಿಲ್ಲ, ಬೀಗರೂಟದಲ್ಲಿ ತಪ್ಪಿಲ್ಲ. ತಾಳಿಯಲ್ಲಿ, ಧಾರೆಯಲ್ಲಿ, ಹೆಣ್ಣನ್ನ ಕಳಿಸೋವಾಗ ಅವರಮ್ಮ ಅತ್ತಲ್ಲ, ಅಲ್ಲಿ ತಪ್ಪಿದಾವೆ. ಜನ ದುಡ್ಡು ಕೊಡೋದು ಆ ಪಟಗಳಿಗೇ. ಅದನ್ನ ನಾನು ನಿನ್ನ ಕಡೆಗೆ ಬರಕೊಂಡೆ.

ಅಳಿಯ: ಇನ್ನೊಂದು ಬರಕೊಳ್ಳಿ. ಬಾಡಿಯೊಳಗೇ ಅಲುಗಾಟ ತಡೆಯೋ ವ್ಯವಸ್ಥೆ ಇದೆ. ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ ದೇವಸ್ಥಾನದ ನವರಂಗದಲ್ಲಿ ಛತ್ತು ತೆಗೆಯೋಕೆ ಹೋಗಿದ್ದೆ. ಅಲ್ಲಿ ಮಧ್ಯಾಹ್ನವೂ ಕತ್ತಲೇ. ಹೋದ ಕಡೆಯೆಲ್ಲ ಟ್ರೈಪಾಡ್ ಬಿಡಿಸೋಕಾಗಲ್ಲ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು. ಕೈಯಲ್ಲೇ ಹಿಡಿದು ಸೆಕೆಂಡಿನ ಕಾಲು ಭಾಗ ಶಟರ್ ತೆರೆದಿಟ್ಟರೂ ಹೊಸದರಲ್ಲಿ ಅಲುಗಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ನಮ್ಮ ಕಡೆಯ ಸಣ್ಣ ಹೊಯ್ಸಳ ಗುಡಿಗಳ ಪಟವನ್ನೂ ಜನ ಕೇಳ್ತಿದ್ದಾರೆ.

ಮಾವ: ಕೇಳೋರು ದುಡ್ಡು ಕೊಡ್ತಾರೋ?

ಅಳಿಯ: ...ಹೆಸರು ಹಾಕ್ತೀವಿ ಅಂತಾರೆ.

ಮಾವ: ಹಾಗಾದ್ರೆ ಅದು ನಿನ್ನ ಖುಷಿಗೆ. ಖುಷಿ ತಪ್ಪಲ್ಲ, ಅದನ್ನ ವ್ಯಾಪಾರದ ಲೆಕ್ಕಕ್ಕೆ ಸೇರಿಸಬೇಡ ಅಷ್ಟೇ. ನುಗ್ಗೇಹಳ್ಳಿ ಗುಡಿ 1246ರಿಂದ ಅಲ್ಲೇ ನಿಂತೈತೆ, ಎಲ್ಲೂ ಓಡಿಹೋಗಲ್ಲ. ಕಂಬಕ್ಕೆ ಒರಗಿ ಉಸಿರು ಹಿಡಿದು ಹತ್ತು ಪಟ ಹೊಡಿ, ಒಂದು ಸರಿ ಬರ್ತದೆ. ಅಲ್ಲಿ ಕೆತ್ತಿದ ಮಲ್ಲಿತಮ್ಮ ಅಮೃತಾಪುರದಲ್ಲಿ ಶುರು ಮಾಡಿ ಸೋಮನಾಥಪುರದವರೆಗೂ ಉಳಿ ಹಿಡಿದೋನು...

ಅಳಿಯ: ಅವನ ಉಳಿಗೂ ಕಮ್ಮಾರ ಆಗಾಗ ಮೊನೆ ಕಟ್ಟಿಕೊಡ್ತಿದ್ದ ಮಾವ.

ಮಾವ: ನಿಮ್ಮಮ್ಮನ ಬಾಯಿ ಬಂದೈತೆ ನಿಂಗೆ. ಸರಿ, ಈಗ ನನ್ನ ಕಡೆಯಿಂದ ಒಂದು ಪ್ರಶ್ನೆ. ನನ್ನ 80-200 ಲೆನ್ಸು?

ಅಳಿಯ: ಅದೊಂದು ತೊಡಕು.

ಮಾವ: ಏನು ತೊಡಕು?

ಅಳಿಯ: ಅದು ಡಿ ಜಾತಿಯ ಲೆನ್ಸು. ಅದರೊಳಗೆ ಮೋಟಾರ್ ಇಲ್ಲ, ಡಿ750ರ ಬಾಡಿಯಲ್ಲಿರೋ ಮೋಟಾರೇ ತಿರುಪು ತಿರುಗಿಸಿ ಫೋಕಸ್ ಮಾಡುತ್ತೆ. ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಮೋಟಾರ್ ಇಟ್ಟಿಲ್ಲ. ಕೂರುತ್ತೆ, ಆದರೆ ಕೈಯಲ್ಲೇ ತಿರುಗಿಸಬೇಕು. 24-70, 50, 85 ಮೂರರ ಒಳಗೂ ಮೋಟಾರ್ ಇದೆ, ಅವಕ್ಕೇನೂ ತೊಂದರೆ ಇಲ್ಲ.

ಮಾವ: 1959ರಿಂದ ಒಂದೇ ಬಾಯಿ ಇಟ್ಕೊಂಡು ಬಂದಿದ್ರು ಆ ಕಂಪನಿಯೋರು. ನನ್ನ ಎಫ್‌ಎಂ2 ಲೆನ್ಸು ನಿನ್ನ ಡಿ750ಗೂ ಕೂರ್ತದೆ. ಅದನ್ನ ಯಾಕೆ ಬಿಟ್ರು?

ಅಳಿಯ: ಒಳಗಿನ ಕನ್ನಡಿ ತೆಗೆದ ಮೇಲೆ ಲೆನ್ಸು ಸೆನ್ಸರ್ ಹತ್ತಿರ ಬರಬಹುದಲ್ಲ. ಹಳೇದರಲ್ಲಿ ಲೆನ್ಸಿನ ಬುಡದಿಂದ ಸೆನ್ಸರ್‌ಗೆ ನಲವತ್ತಾರೂವರೆ ಮಿಲಿಮೀಟರ್ ದೂರ. 2018ರಲ್ಲಿ ತಂದ ಝಡ್ ಬಾಯಿಯಲ್ಲಿ ಹದಿನಾರು. ಬಾಯಿಯೂ ಅಗಲ. ಹೊಸ ಲೆನ್ಸನ್ನ ಚೆನ್ನಾಗಿ ಮಾಡೋಕೆ ಅನುಕೂಲ ಆಯ್ತು. 2020ರಲ್ಲಿ ಬಂದ ಡಿ780, ಡಿ6 ಆದ ಮೇಲೆ ನಿಕಾನ್‌ನವರು ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಈ ದಾರಿ ಇಲ್ಲಿಗೆ ಮುಗೀತು ಮಾವ.

ಮಾವ: ಮುಗಿದ ದಾರಿಯಲ್ಲೂ ಸ್ವಲ್ಪ ದಿನ ಗಾಡಿ ಓಡ್ತದೆ. ಆದ್ರೆ ಇಷ್ಟಂತೂ ನಿಜ: ಡಿಎಸ್‌ಎಲ್‌ಆರ್‌ಗೆ ಅಂತ ಹೊಸ ಲೆನ್ಸಿಗೆ ಇನ್ಮೇಲೆ ದುಡ್ಡು ಹಾಕಬಾರದು. ಬ್ಯಾಟರಿ ಹೇಗೆ?

ಅಳಿಯ: ಕಂಪನಿ ಲೆಕ್ಕದಲ್ಲಿ ಡಿ750ಗೆ ಒಂದು ಚಾರ್ಜಿಗೆ 1230 ಪಟ. ಇದಕ್ಕೆ ನಾನೂರರ ಒಳಗೆ. ಮದುವೆಮನೆಯಲ್ಲಿ ಒಂದೇ ಸಮ ಹೊಡೀತಿರ್ತೀವಲ್ಲ, ಹಾಗಾಗಿ ಅದಕ್ಕಿಂತ ಹೆಚ್ಚೇ ಬರುತ್ತೆ. ಆದರೂ ಜೇಬಲ್ಲಿ ಎರಡು ಇರಲೇಬೇಕು. ಇನ್ನೊಂದನ್ನೂ ನಾನೇ ಹೇಳಿಬಿಡ್ತೀನಿ. ಕಡಿಮೆ ಐಎಸ್‌ಒದಲ್ಲಿ ತೆಗೆದ ಪಟದ ನೆರಳನ್ನ ಆಮೇಲೆ ಎತ್ತಿದ್ರೆ, ಇದಕ್ಕಿಂತ ಹಿಂದಿನ ಝಡ್6-2ರಲ್ಲೇ ಕಾಳು ಕಮ್ಮಿ. ಸೆನ್ಸರ್ ವೇಗವಾಗಿ ಓದಲಿ ಅಂತ ಮಾಡಿದ್ದರಿಂದ ಅಷ್ಟು ಬಿಟ್ಟುಕೊಟ್ಟಿದ್ದಾರೆ.

ಮಾವ: ಅಂದ್ರೆ ಹೊಸದು ಎಲ್ಲದರಲ್ಲೂ ಹೊಸದಲ್ಲ.

ಅಳಿಯ: ಅಲ್ಲ. ಸದ್ದಿಲ್ಲದ ಶಟರ್ ಅಂತ ಒಂದು ಇದೆ. ಅದನ್ನೂ ಚೌಲ್ಟ್ರಿಯಲ್ಲಿ ಕಣ್ಣು ಮುಚ್ಚಿ ನಂಬೋಕಾಗಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣಕುತ್ತೆ. ಎಲ್‌ಇಡಿ ವಾಲ್ ಅದರದೇ ಲೆಕ್ಕದಲ್ಲಿ ಮಿಣಕುತ್ತೆ. ಪಟದ ಮೇಲೆ ಅಡ್ಡಪಟ್ಟೆ ಬೀಳಬಹುದು.

ಮಾವ: ಮಾರೋನಿಗಿಂತ ನೀನು ವಾಸಿ. ಇಷ್ಟೆಲ್ಲ ಗೊತ್ತಿದ್ದೂ ಅದೇ ಬೇಕು ಅಂತೀಯ ಅಂದ್ರೆ ನೀನು ಇನ್ನೂ ಹೇಳದೆ ಇರೋ ಕಾರಣ ಒಂದೈತೆ. ಸೆಕೆಂಡ್ ಹ್ಯಾಂಡಲ್ಲಿ ಆ ಝಡ್6-2 ಇದರ ಅರ್ಧ ಬೆಲೆಗೆ ಸಿಗಬೇಕಲ್ಲ, ಅದು ಯಾಕೆ ಬೇಡ?

ಅಳಿಯ: ಒಂದು, ಕಣ್ಣು ಹಿಂಬಾಲಿಸೋದು ಅದರಲ್ಲಿ ಇಷ್ಟು ಗಟ್ಟಿಯಾಗಿಲ್ಲ. ಬದಲಾಯಿಸೋದೇ ಫೋಕಸ್‌ಗೆ ಅಂದ ಮೇಲೆ ಅರ್ಧ ಫೋಕಸ್‌ಗೆ ಯಾಕೆ ಹೋಗಲಿ? ಇನ್ನೊಂದು ವಿಡಿಯೋ. ಡಿ750ರ ವಿಡಿಯೋ 1080ಕ್ಕೆ ನಿಂತಿದೆ, ಅದರಲ್ಲೂ ಫೋಕಸ್ ಹುಡುಕ್ತಾ ಹಿಂದೆ ಮುಂದೆ ಉಯ್ಯಾಲೆ ಆಡುತ್ತೆ. ಈಗ ಗಿರಾಕಿ ಮೊದಲು ಕೇಳೋದು ಏನು ಹೇಳಿ? ಆಲ್ಬಂ ಅಲ್ಲ. ಆರತಕ್ಷತೆ ಮುಗಿಯೋದ್ರೊಳಗೆ ರೀಲ್. ಅದಕ್ಕೇ ಪ್ರತಿ ಮದುವೆಗೂ ಹಾಸನದಿಂದ ಹುಡುಗನ್ನ ಕರೆಸ್ತೀವಿ. ಅವನ ಕ್ಯಾಮೆರಾ ಸೇರಿ ಎಂಟು ಸಾವಿರ.

ಮಾವ: ಈಗ ಬಂದೆ ನೋಡು ದಾರಿಗೆ. ಇದನ್ನ ಮೊದಲೇ ಹೇಳೋದು ತಾನೇ? ಆದರೆ ತಾಳಿ ಕಟ್ಟೋವಾಗ ಫೋಟೋನೂ ವಿಡಿಯೋನೂ ನೀನೊಬ್ಬನೇ ಹೇಗೆ ಮಾಡ್ತೀಯ? ನಿಂಗೆ ನಾಲ್ಕು ಕೈ ಐತೋ?

ಅಳಿಯ: ಇಲ್ಲ. ವಿಡಿಯೋಗೆ ಬೇರೆ ಹುಡುಗ ಬೇಕೇ ಬೇಕು. ಆದರೆ ಅವನು ಹಾಸನದಿಂದ ಕ್ಯಾಮೆರಾ ಹೊತ್ಕೊಂಡು ಬರೋ ಅಗತ್ಯ ಇರಲ್ಲ. ನಮ್ಮೂರಿನ ಹುಡುಗನೊಬ್ಬ ಕಲೀತಿದ್ದಾನೆ, ಮೂರು ಸಾವಿರ ಕೂಲಿ ಕೊಟ್ರೆ ಬರ್ತಾನೆ. ಮುಹೂರ್ತಕ್ಕೆ ಹೊಸ ಬಾಡಿ ನನ್ನ ಕೈಲಿ, ಮಿಕ್ಕ ಹೊತ್ತೆಲ್ಲ ಅವನ ಕೈಲಿ. ಮುಹೂರ್ತದ ಆ ಹತ್ತು ನಿಮಿಷಕ್ಕೆ ಅವನು ಫೋನಲ್ಲೇ ವಿಡಿಯೋ ಮಾಡಿದ್ರೂ ರೀಲ್‌ಗೆ ನಡೆಯುತ್ತೆ.

ಮಾವ: ಎಂಟರಲ್ಲಿ ಮೂರು ಕಳೆದ್ರೆ ಐದು ಉಳೀತು. ಎರಡೂವರೆ ಲಕ್ಷಕ್ಕೆ ಐವತ್ತು ಮದುವೆ. ವರ್ಷಕ್ಕೆ ನಮಗೆ ಇಪ್ಪತ್ತು ಇಪ್ಪತ್ತೈದು ಆಗ್ತವೆ. ಎರಡು ವರ್ಷದ ಮೇಲೆ ಒಂದಿಷ್ಟು ತಿಂಗಳಲ್ಲಿ ಅಸಲು ಬರ್ತದೆ. ಅಷ್ಟೊತ್ತಿಗೆ ನಾಲ್ಕನೇದು ಬಂದಿರ್ತದೆ, ನೀನು ಮತ್ತೆ ಇದೇ ಕುರ್ಚೀಲಿ ಕೂತು ಇದೇ ಮಾತು ತೆಗೀತೀಯ.

ಅಳಿಯ: ತೆಗೆಯಲ್ಲ. ಒಂಬತ್ತು ವರ್ಷ ತೆಗೆದಿಲ್ವಲ್ಲ?

ಮಾವ: ಅದು ನಿಜ. ಅದಕ್ಕೇ ಇಷ್ಟು ಹೊತ್ತು ಮಾತಾಡ್ತಿರೋದು. ವರ್ಷಕ್ಕೊಂದು ಬದಲಾಯಿಸೋ ಆಸಾಮಿ ಆಗಿದ್ರೆ ಟೀ ತರಿಸಿ ಕಳಿಸ್ತಿದ್ದೆ. ಅಕ್ಕನಿಗೆ ಹೇಳಿದೀಯ?

ಅಳಿಯ: ಅಮ್ಮನಿಗೆ ಎರಡೂವರೆ ಲಕ್ಷ ಅಂದ್ರೆ ಸೈಟು. ನೀವೇ ಹೇಳ್ಬೇಕು.

ಮಾವ: ಹೇಳ್ತೀನಿ, ಆದ್ರೆ ನಾನು ಹೇಳಿದ ಹಾಗೆ ಮಾಡೋದಾದ್ರೆ. ಈಗ ತಗೋಬೇಡ. ಆಷಾಢದಲ್ಲಿ ತಂದ್ರೆ ಬೀರುವಿನಲ್ಲಿ ಮಲಗಿರ್ತದೆ, ವಾರಂಟಿ ಮಾತ್ರ ಓಡ್ತಿರ್ತದೆ. ಶ್ರಾವಣದಲ್ಲಿ ಬುಕ್ ಆಗಿರೋ ಎರಡು ಮದುವೆಗೆ ಆ ಬಾಡಿಯನ್ನೇ ಬೆಂಗಳೂರಿಂದ ಬಾಡಿಗೆಗೆ ತಾ. ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆ ಬಾ. ಅಡಾಪ್ಟರೂ ಜೊತೇಲಿ ತಾ, ನಮ್ಮ ಲೆನ್ಸೇ ಹಾಕಿ ಹೊಡಿ, ಅವರ ಹೊಸ ಲೆನ್ಸ್ ಬೇಡ. ಮದುವೆ ಮುಗಿದ ಮೇಲೆ ಬಿಸಾಕಿದ ಪಟಗಳನ್ನ ಇಬ್ಬರೂ ಹೀಗೇ ಕೂತು ನೋಡೋಣ. ತಾಳಿ, ಧಾರೆ, ಕಳಿಸೋವಾಗಿನ ಅಳು, ಈ ಮೂರರಲ್ಲಿ ಫೋಕಸ್ ತಪ್ಪಿದ್ದು ಸಿಗಬಾರದು. ಸಿಕ್ಕಿದ್ರೆ ತಪ್ಪು ಕ್ಯಾಮೆರಾದ್ದಲ್ಲ, ಆಗ ಎರಡೂವರೆ ಲಕ್ಷದ ಮಾತು ಬಿಟ್ಟುಬಿಡು.

ಅಳಿಯ: ಸಿಗದೇ ಇದ್ರೆ?

ಮಾವ: ದೀಪಾವಳಿಗೆ ತಗೋ. ಹಬ್ಬಕ್ಕೆ ಕಂಪನಿಯೋರು ಹೇಗೂ ಒಂದಿಷ್ಟು ಇಳಿಸ್ತಾರೆ, ಮುಂದೆ ಕಾರ್ತಿಕದ ಮದುವೆಗಳು. ಅಲ್ಲಿವರೆಗೆ ಸಿಗೋ ಮುಂಗಡವನ್ನ ಬೇರೆ ಖಾತೇಲಿ ಇಡು. ಅರ್ಧಕ್ಕಿಂತ ಹೆಚ್ಚು ಕೈಯಲ್ಲಿದ್ರೆ ಮಿಕ್ಕಿದ್ದನ್ನ ನಾನು ಕೊಡ್ತೀನಿ, ಮದುವೆಯಿಂದ ಮದುವೆಗೆ ತೀರಿಸು. ಬಡ್ಡಿ ಬೇಡ, ನನ್ನ ಖಾತೆಗೆ ಆಷಾಢದಲ್ಲಿ ರಜ.

ಅಳಿಯ: ಡಿ750 ಏನು ಮಾಡಲಿ? ಕೊಟ್ಟು ತಗೊಂಡ್ರೆ ಇಪ್ಪತ್ತೈದೋ ಮೂವತ್ತೋ ಕಳೀತಾರೆ.

ಮಾವ: ಕೊಡಬೇಡ. ಮದುವೆಮನೆಗೆ ಒಂದೇ ಬಾಡಿ ಹಿಡಿದು ಹೋಗಬಾರದು ಅಂತ ನಿಂಗೆ ಹೇಳಿಕೊಟ್ಟಿದ್ದೇ ನಾನು. ಶಟರ್ ನಿಂತ ದಿನ ಹೊಸ ಶಟರ್ ಹಾಕ್ಸು. ನನ್ನ 80-200 ಅದರಲ್ಲೇ ಇರ್ಲಿ, ಜನವರಿಯಲ್ಲಿ ಬೂಕನಬೆಟ್ಟಕ್ಕೆ ಅದನ್ನೇ ತಗೊಂಡು ಹೋಗೋಣ. ಈ ವಾರವೇ ಮಾಡಬೇಕಾದ ಖರ್ಚು ಒಂದೇ, ಎರಡನೇ ಫ್ಲ್ಯಾಶು, ಸ್ಟ್ಯಾಂಡು. ನಿನ್ನ ಬಿಸಾಕಿದ ಪಟದಲ್ಲಿ ಬೆಳಕಿನಿಂದ ಕೆಟ್ಟವಕ್ಕೆ ಅದೇ ಮದ್ದು.

ಅಳಿಯ: ಒಬ್ಬ ಬಿಲ್ ಇಲ್ಲದೆ ಹದಿನೈದು ಸಾವಿರ ಕಮ್ಮಿಗೆ ಕೊಡ್ತೀನಿ ಅಂದಿದ್ದಾನೆ.

ಮಾವ: ಜಿಎಸ್‌ಟಿ ಹದಿನೆಂಟು ಪರ್ಸೆಂಟ್ ಕಟ್ಟದೆ ಬಂದ ಮಾಲು ಅದು. ಕೆಟ್ಟ ದಿನ ವಾರಂಟಿ ಸಿಗಲ್ಲ. ಬಿಲ್ ಇದ್ದರೆ ಮಾತ್ರ ತಗೋ. ಇಲ್ಲಾಂದ್ರೆ ಡಿ750ರಲ್ಲೇ ಇನ್ನೊಂದು ಸೀಸನ್ ಮಾಡು.